ಹಳ್ಳದ ಕಲ್ಲು ಮಳೆಗಾಲದಲ್ಲಿ ಎಷ್ಟು ದೂರ ಹೋಗುತ್ತೆ? ಬಣ್ಣ ಹಚ್ಚಿ ಪತ್ತೆ ಮಾಡೋದು ಹೆಂಗೆ

ಮಳೆಗಾಲ ಮುಗಿದ್ಮೇಲೆ ಮಲೆನಾಡಿನ ಯಾವ ಹಳ್ಳದ ದಂಡೆ ಮೇಲೆ ನಿಂತ್ರೂ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಈ ಸಲದ ನೆರೆಗೆ ಕಲ್ಲೆಲ್ಲ ಕೊಚ್ಕೊಂಡು ಹೋಯ್ತು ಮಾರಾಯ್ರೆ ಅಂತ. ಎಲ್ಲ ಹೋಗಿರಲ್ಲ. ಬಹುಪಾಲು ಕಲ್ಲು ಇದ್ದಲ್ಲೇ ಇರ್ತವೆ, ಇಲ್ಲಾಂದ್ರೆ ಹತ್ತಡಿ ಸರಿದು ಇನ್ನೊಂದು ದೊಡ್ಡ ಕಲ್ಲಿನ ಹಿಂದೆ ಸಿಕ್ಕಾಕ್ಕೊಂಡು ಕೂತಿರ್ತವೆ, ಎಲ್ಲೋ ಒಂದೆರಡು ಮಾತ್ರ ಫರ್ಲಾಂಗುಗಟ್ಲೆ ದೂರ ಹೋಗಿರ್ತವೆ. ಇದನ್ನ ನಂಬೋಕಾಗಲ್ಲ ಅನ್ನೋರು ಒಂದು ಮಳೆಗಾಲ ಕಾದು ಕಣ್ಣಾರೆ ನೋಡ್ಬಹುದು. ಬೇಕಾಗಿರೋದು ಒಂದು ಡಬ್ಬಿ ಪೇಂಟ್, ಟೇಪು, ನೋಟ್ ಬುಕ್ಕು, ಒಂದಷ್ಟು ತಾಳ್ಮೆ. ಹೈಸ್ಕೂಲ್ ಮಕ್ಕಳ ಸೈನ್ಸ್ ಪ್ರಾಜೆಕ್ಟಿಗೂ ಆಗುತ್ತೆ, ತೋಟದ ಪಕ್ಕದ ಹಳ್ಳ ಯಾಕೆ ವರ್ಷಾ ವರ್ಷ ದಿಕ್ಕು ಬದಲಾಯಿಸ್ತಿದೆ ಅಂತ ತಲೆ ಕೆಡಿಸ್ಕೊಂಡಿರೋ ಅಡಿಕೆ ಬೆಳೆಗಾರರಿಗೂ ಆಗುತ್ತೆ.

ಮೊದಲು ಕಲ್ಲು ಹೆಂಗೆ ಓಡಾಡುತ್ತೆ ಅಂತ ಸ್ವಲ್ಪ ಹೇಳ್ಬಿಡ್ತೀನಿ, ಇದು ಗೊತ್ತಿಲ್ದೆ ಬಣ್ಣ ಹಚ್ಚಿದ್ರೆ ಆಮೇಲೆ ಸಿಕ್ಕಿದ ಲೆಕ್ಕ ಅರ್ಥ ಆಗಲ್ಲ. ನೀರಲ್ಲಿ ಹೋಗೋ ಮಾಲು ಒಂದೇ ಥರದ್ದಲ್ಲ. ಜೇಡಿ, ಹೂಳು ಇವೆಲ್ಲ ನೀರಲ್ಲೇ ತೇಲ್ಕೊಂಡು ಹೋಗ್ತವೆ, ಮೊದಲ ಮಳೆಗೆ ತುಂಗೆ ಕೆಂಪಗಾಗೋದು ಇವುಗಳಿಂದ್ಲೇ. ಮರಳು ಒಂದು ಸ್ವಲ್ಪ ಹಾರಿ, ಬಿದ್ದು, ಮತ್ತೆ ಹಾರಿ ಮುಂದೆ ಹೋಗುತ್ತೆ. ಜಲ್ಲಿ, ಗುಂಡುಕಲ್ಲು ತಳಕ್ಕೇ ಅಂಟ್ಕೊಂಡು ಉರುಳ್ತವೆ, ಜಾರ್ತವೆ. ಜುಲೈನಲ್ಲಿ ಹಳ್ಳ ತುಂಬಿ ಹರಿಯುವಾಗ ಗಟ್ಟಿ ಸಂಕದ ಮೇಲೆ ಸುಮ್ನೆ ನಿಂತು ಕೇಳಿಸ್ಕೊಳ್ಳಿ, ನೀರಿನ ಭೋರ್ಗರೆತದ ಕೆಳಗೆ ಟಕ್ ಟಕ್, ಗಡ ಗಡ ಅಂತ ಇನ್ನೊಂದು ಸದ್ದು ಕೇಳುತ್ತೆ, ಅದು ಕಲ್ಲು ಕಲ್ಲಿಗೆ ಬಡಿಯೋ ಸದ್ದು. ಸ್ವಲ್ಪ ಹೊತ್ತು ಕೇಳಿದ್ರೆ ಅದು ಒಂದೇ ಸಮ ಬರ್ತಿಲ್ಲ ಅನ್ನೋದು ಗೊತ್ತಾಗುತ್ತೆ, ಒಂದು ಗುಂಪು ಹೋಗುತ್ತೆ, ನಿಲ್ಲುತ್ತೆ, ಮತ್ತೆ ಹೋಗುತ್ತೆ.

ಇಡೀ ವಿಷಯದ ಗುಟ್ಟು ಇರೋದು ಇಲ್ಲೇ, ಈ ನಿಲ್ಲೋದ್ರಲ್ಲೇ. 1937ರಲ್ಲಿ ಜ್ಯೂರಿಕ್‌ನಲ್ಲಿ ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್ ಅಂತ ಒಬ್ಬ ಇಂಜಿನಿಯರ್, ಹೌದು ಆ ಐನ್‌ಸ್ಟೈನ್ ಮಗನೇ, ತಳದ ಕಲ್ಲಿನ ಚಲನೆ ಮೇಲೆ ಥೀಸಿಸ್ ಬರೆದ. ಅವನು ಹೇಳಿದ್ದು ಇಷ್ಟು: ಕಲ್ಲಿನ ಜೀವನ ಅಂದ್ರೆ ಒಂದು ಜಿಗಿತ, ಒಂದು ಲಾಂಗ್ ರೆಸ್ಟು, ಮತ್ತೊಂದು ಜಿಗಿತ, ಮತ್ತೊಂದು ರೆಸ್ಟು. ಜಿಗಿತ ಎಷ್ಟುದ್ದ, ರೆಸ್ಟು ಎಷ್ಟೊತ್ತು ಅನ್ನೋದನ್ನ ಒಂದೊಂದು ಕಲ್ಲಿಗೂ ಹೇಳೋಕಾಗಲ್ಲ, ಅದು ಪ್ರಾಬಬಿಲಿಟಿ ಲೆಕ್ಕ. ಆಮೇಲೆ ಅವನೇ ಒಂದು ಅಂದಾಜು ಕೊಟ್ಟ, ಒಂದು ಜಿಗಿತದ ಉದ್ದ ಕಲ್ಲಿನ ಅಗಲದ ಸುಮಾರು 100 ಪಟ್ಟು ಅಂತ. ಅಂದ್ರೆ 5 ಸೆಂ.ಮೀ. ಕಲ್ಲು ಒಂದು ಸಲಕ್ಕೆ ಸುಮಾರು 5 ಮೀಟರ್. ನಮ್ಮ ಗುಂಡಿ-ದಿಬ್ಬ ಇರೋ ಹಳ್ಳಗಳಲ್ಲಿ ಈ ಲೆಕ್ಕ ನೇರವಾಗಿ ನಡೆಯಲ್ಲ, ಆದ್ರೂ ತಲೆಯಲ್ಲಿ ಇಟ್ಕೊಳ್ಳೋಕೆ ಒಳ್ಳೆ ಅಳತೆ. ಎಲ್ಲ ಕಲ್ಲನ್ನೂ ಒಂದೇ ಗೆರೆ ಮೇಲಿಂದ ಬಿಟ್ರೂ ಕೊನೆಗೆ ಯಾಕೆ ಚೆಲ್ಲಾಪಿಲ್ಲಿ ಆಗ್ತವೆ ಅಂದ್ರೆ, ಹೋಗೋ ಸ್ಪೀಡಲ್ಲಿ ವ್ಯತ್ಯಾಸ ಇರೋದಕ್ಕಿಂತ ಕೂರೋ ಹೊತ್ತಲ್ಲಿ ವ್ಯತ್ಯಾಸ ಜಾಸ್ತಿ ಇರೋದಕ್ಕೆ. ಒಂದು ಕಲ್ಲು ಅರ್ಧ ಗಂಟೆ ಕೂತು ಎದ್ದು ಹೋಗುತ್ತೆ, ಪಕ್ಕದ್ದು ಮರಳಿನಡಿ ಹೂತು ಮೂರು ಮಳೆಗಾಲ ಅಲ್ಲೇ ಇರುತ್ತೆ.

ಹಳ್ಳ ಆರಿಸೋದು

ತುಂಗೆಗೇ ಹೋಗ್ಬೇಡಿ. ತೀರ್ಥಹಳ್ಳಿಯ ರಾಮಮಂಟಪದ ಹತ್ರ ಹೊಳೆ ನೋಡೋಕೆ ಚಂದ, ಬಂಡೆ ಮೇಲೆ ಬಂಡೆ, ಆದ್ರೆ ಅಷ್ಟು ದೊಡ್ಡ ಹೊಳೆಯಲ್ಲಿ ಕಲ್ಲು ಬಿಟ್ರೆ ಮತ್ತೆ ಹುಡ್ಕೋಕಾಗಲ್ಲ, ಅಪಾಯ ಬೇರೆ. ಮೂರರಿಂದ ಆರು ಮೀಟರ್ ಅಗಲದ ಹಳ್ಳ ಸಾಕು, ಬೇಸಿಗೆಯಲ್ಲಿ ಮೊಣಕಾಲುದ್ದ ನೀರೂ ಇರ್ಬಾರ್ದು, ತಳದಲ್ಲಿ ಬರೀ ಬಂಡೆ ಅಲ್ದೆ ಜಲ್ಲಿ, ಗುಂಡುಕಲ್ಲು, ಮರಳು ಎಲ್ಲ ಮಿಕ್ಸ್ ಇರ್ಬೇಕು. ಕೆಳಗಡೆ ಒಂದು 200–300 ಮೀಟರ್ ನಡ್ಕೊಂಡು ಹೋಗೋ ಹಾಗಿರ್ಬೇಕು, ಮಧ್ಯೆ ಕಟ್ಟ, ಮೋರಿ, ಚೆಕ್ ಡ್ಯಾಂ ಇದ್ರೆ ಬೇಡ, ಕಲ್ಲೆಲ್ಲ ಅಲ್ಲೇ ನಿಲ್ಲುತ್ತೆ. ಮರಳು ತೆಗೆಯೋ ಜಾಗ ಆದ್ರೂ ಬೇಡ, ನಿಮ್ಮ ಕಲ್ಲು ನೀರಲ್ಲಿ ಹೋಯ್ತೋ ಟ್ರ್ಯಾಕ್ಟರಲ್ಲಿ ಹೋಯ್ತೋ ಗೊತ್ತಾಗಲ್ಲ! ಸ್ವಂತ ತೋಟದ ಪಕ್ಕದ ಹಳ್ಳ ಇದ್ರೆ ಅದಕ್ಕಿಂತ ಬೇರೆ ಬೇಕಿಲ್ಲ. ಅಭಯಾರಣ್ಯ, ರಿಸರ್ವ್ ಫಾರೆಸ್ಟ್ ಒಳಗಾದ್ರೆ ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಇಳೀಬೇಡಿ, ಚಿಬ್ಬಲಗುಡ್ಡೆ ಥರ ಮೀನು ಕಾಪಾಡಿರೋ ಮಡುಗಳ ಹತ್ರ ಅಂತೂ ಪೇಂಟ್ ಡಬ್ಬಿ ತಗೊಂಡು ಹೋಗ್ಲೇಬೇಡಿ.

ಟೈಮು ಮುಖ್ಯ. ಮೃಗಶಿರ ಮಳೆ ಹಿಡಿಯೋಕೆ ಮುಂಚೆ, ಅಂದ್ರೆ ಮೇ ತಿಂಗಳ ಕೊನೆ ಒಳಗೆ, ಕಲ್ಲು ಇಟ್ಟು ಮುಗಿಸ್ಬೇಕು. ಪುನರ್ವಸು, ಪುಷ್ಯ, ಆಶ್ಲೇಷ, ಈ ಮೂರು ಮಳೆಯಲ್ಲೇ ಸಾಮಾನ್ಯವಾಗಿ ಹಳ್ಳದ ತಳ ಕದಡೋ ನೆರೆ ಬರೋದು. ಆಗುಂಬೆ ಕಡೆಯೋರಿಗೆ ಇದು ಹೇಳ್ಬೇಕಾಗಿಲ್ಲ, ಅಲ್ಲಿ ವರ್ಷದ ಮಳೆ ಸರಾಸರಿ 7,000 ಮಿ.ಮೀ. ದಾಟುತ್ತೆ, ಶಿವಮೊಗ್ಗ ಸಿಟಿಗೆ ಬರೋದು ಅದರಲ್ಲಿ ಒಂದು ಸಣ್ಣ ಪಾಲು. ಹಾಗಾಗಿ ಆಗುಂಬೆ ಹತ್ರದ ಹಳ್ಳದ ಲೆಕ್ಕನೂ ಕುಂಸಿ ಕಡೆ ಹಳ್ಳದ ಲೆಕ್ಕನೂ ಒಂದಕ್ಕೊಂದು ಹೋಲಿಸೋಕೆ ಹೋಗ್ಬೇಡಿ.

ನೂರು ಕಲ್ಲು ಅಳೆಯೋದು

ಬಣ್ಣ ಹಚ್ಚೋಕೆ ಮುಂಚೆ ಹಳ್ಳದಲ್ಲಿ ಯಾವ ಸೈಜಿನ ಕಲ್ಲು ಎಷ್ಟಿದೆ ಅಂತ ತಿಳ್ಕೋಬೇಕು. ಇದಕ್ಕೆ 1954ರಲ್ಲಿ ವುಲ್ಮನ್ ಅನ್ನೋ ಅಮೆರಿಕದ ವಿಜ್ಞಾನಿ ಒಂದು ಸಿಂಪಲ್ ವಿಧಾನ ಹೇಳಿದ್ದಾರೆ, ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಅದನ್ನೇ ಮಾಡ್ತಾರೆ. ಹಳ್ಳದಲ್ಲಿ ಅಡ್ಡಡ್ಡ ನಡೀರಿ, ಪ್ರತಿ ಹೆಜ್ಜೆಗೂ ನಿಂತು, ಕಣ್ಣು ಬೇರೆ ಕಡೆ ತಿರುಗಿಸಿ, ಕಾಲಿನ ಹೆಬ್ಬೆರಳ ತುದಿಗೆ ಕೈಬೆರಳು ಇಳಿಸಿ ಮೊದಲು ಮುಟ್ಟಿದ ಕಲ್ಲನ್ನೇ ಎತ್ಕೊಳ್ಳಿ. ನೋಡ್ಕೊಂಡು ಆರಿಸಿದ್ರೆ ಕೈ ತಾನಾಗೇ ಚಂದದ ದುಂಡನೆ ಕಲ್ಲಿಗೇ ಹೋಗುತ್ತೆ, ಅದಕ್ಕೇ ಕಣ್ಣು ತಿರುಗಿಸೋದು. ಕಲ್ಲಿಗೆ ಮೂರು ಅಳತೆ ಇರ್ತವಲ್ಲ, ಉದ್ದ, ಅಗಲ, ದಪ್ಪ, ಅದರಲ್ಲಿ ಮಧ್ಯದ್ದು, ಅಂದ್ರೆ ಅಗಲ ಅಳೆದು ಬರ್ಕೊಳ್ಳಿ. ನೂರು ಕಲ್ಲು ಆದ್ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಐವತ್ತನೇದು ನಿಮ್ಮ ಹಳ್ಳದ ಸಾಮಾನ್ಯ ಕಲ್ಲು, ಎಂಬತ್ನಾಲ್ಕನೇದು ದೊಡ್ಡ ಕಲ್ಲಿನ ಅಳತೆ. ಇಬ್ರಿದ್ರೆ ಒಬ್ರು ಕೂಗಿ ಹೇಳೋದು ಇನ್ನೊಬ್ರು ಬರ್ಕೊಳ್ಳೋದು, ಒಂದು ಗಂಟೆ ಕೆಲಸ.

ಇದನ್ನ ಮಾಡುವಾಗ್ಲೇ ಇನ್ನೊಂದು ಗಮನಿಸಿ. ಮೇಲಿನ ಕಲ್ಲು ಎತ್ತಿದ್ರೆ ಕೆಳಗೆ ಸಣ್ಣ ಜಲ್ಲಿ, ಮರಳು ಇರುತ್ತೆ. ಮೇಲಿನ ಪದರ ಸಾಮಾನ್ಯವಾಗಿ ಒರಟು. ಸಣ್ಣದು ತೊಳ್ಕೊಂಡು ಹೋಗಿ ದೊಡ್ಡದು ಉಳ್ಕೊಂಡು ಒಂದು ಕವಚದ ಥರ ಆಗಿರುತ್ತೆ, ಆ ಕವಚ ಒಡೆಯೋವರೆಗೂ ಕೆಳಗಿನ ಮರಳು ಹೊರಗೆ ಬರಲ್ಲ. ಚಪ್ಪಟೆ ಕಲ್ಲುಗಳು ಹಂಚು ಹೊದಿಸಿದಂಗೆ ಒಂದರ ಮೇಲೊಂದು ವಾಲಿರ್ತವೆ, ಮೇಲಿನ ಅಂಚು ನೀರು ಹೋಗೋ ದಿಕ್ಕಿಗೆ, ಚಪ್ಪಟೆ ಮುಖ ನೀರು ಬರೋ ಕಡೆಗೆ ಇಳಿಜಾರು. ನೀರು ಒತ್ತಿದಷ್ಟೂ ಅವು ಇನ್ನೂ ಗಟ್ಟಿಯಾಗಿ ಕೂರ್ತವೆ. ಒಣಗಿದ ಹಳ್ಳದಲ್ಲೂ ನೀರು ಯಾವ ಕಡೆಯಿಂದ ಬರ್ತಿತ್ತು ಅಂತ ಇದನ್ನ ನೋಡಿ ಹೇಳ್ಬಹುದು.

ಇಳಿಜಾರು, ಮತ್ತೆ ಒಂದು ಸಣ್ಣ ಲೆಕ್ಕ

ಎಷ್ಟು ನೀರಿಗೆ ಎಷ್ಟು ಕಲ್ಲು ಎದ್ದೇಳುತ್ತೆ ಅನ್ನೋಕೆ ಇಳಿಜಾರು ಗೊತ್ತಿರ್ಬೇಕು. ಗಾರೆ ಕೆಲಸದೋರ ಹತ್ರ ಇರೋ ಟ್ರಾನ್ಸ್‌ಪರೆಂಟ್ ನೀರಿನ ಪೈಪ್ ಲೆವೆಲ್ ಸಾಕು, ಇದಕ್ಕೆ ಅಂತ ಯಾವ ಇನ್‌ಸ್ಟ್ರುಮೆಂಟೂ ಬೇಡ. ಪೈಪಿಗೆ ನೀರು ತುಂಬಿ ಒಳಗಿನ ಗುಳ್ಳೆ ಎಲ್ಲ ಹೊರಗೆ ಹಾಕಿ (ಒಂದು ಗುಳ್ಳೆ ಉಳಿದ್ರೂ ಲೆವೆಲ್ ಸುಳ್ಳು ಹೇಳುತ್ತೆ), ಒಬ್ರು ಮೇಲೆ ಒಬ್ರು ಕೆಳಗೆ ಕೋಲು ಹಿಡ್ಕೊಂಡು ನಿಂತು, ಎರಡೂ ಕಡೆ ನೀರಿನ ಮಟ್ಟ ನೆಲದಿಂದ ಎಷ್ಟು ಎತ್ತರ ಇದೆ ನೋಡಿ ಕಳೀರಿ. ಪೈಪ್ ಉದ್ದ ಸಾಲಲಿಲ್ಲ ಅಂದ್ರೆ ತುಂಡು ತುಂಡಾಗಿ ಅಳೆದು ಕೂಡಿಸಿ. 60 ಮೀಟರಿಗೆ 60 ಸೆಂ.ಮೀ. ಇಳಿದಿದ್ರೆ ಇಳಿಜಾರು ನೂರಕ್ಕೆ ಒಂದು, ಅಂದ್ರೆ 0.01. ಗುಂಡಿಯಿಂದ ಗುಂಡಿಗೆ ಅಳೀಬೇಡಿ, ದಿಬ್ಬದ ತಲೆಯಿಂದ ಮುಂದಿನ ದಿಬ್ಬದ ತಲೆಗೆ ಅಳೀರಿ.

ಈಗ ಲೆಕ್ಕ. 1936ರಲ್ಲಿ ಬರ್ಲಿನ್‌ನಲ್ಲಿ ಶೀಲ್ಡ್ಸ್ ಅನ್ನೋನು ಕಂಡ್ಕೊಂಡಿದ್ದನ್ನ ನಮ್ಮ ಹಳ್ಳಕ್ಕೆ ಇಳಿಸಿ ಹೇಳೋದಾದ್ರೆ: ನೀರಿನ ಆಳವನ್ನ ಇಳಿಜಾರಿಂದ ಗುಣಿಸಿ, ಮತ್ತೆ 13.5ರಿಂದ ಗುಣಿಸಿ, ಬಂದಿದ್ದು ಆ ನೀರು ಅಲ್ಲಾಡಿಸೋ ಕಲ್ಲಿನ ಸೈಜು. ಶೀಲ್ಡ್ಸ್ ಅಂಕೆ (ಕಲ್ಲು ಅಲ್ಲಾಡೋಕೆ ಶುರುವಾಗೋ ಮಿತಿ ತೋರಿಸೋ ಸಂಖ್ಯೆ) 0.045 ಅಂತ ಹಿಡಿದು, ಕಲ್ಲಿನ ತೂಕ ನೀರಿಗಿಂತ 2.65 ಪಟ್ಟು ಅಂತ ಹಿಡಿದು ಬಂದ 13.5 ಇದು. ಆಳ 50 ಸೆಂ.ಮೀ., ಇಳಿಜಾರು 0.01 ಆದ್ರೆ 500 ಮಿ.ಮೀ. × 0.01 × 13.5, ಅಂದ್ರೆ 67 ಮಿ.ಮೀ. ಹತ್ರ, ಹೆಚ್ಚುಕಮ್ಮಿ ಮುಷ್ಟಿ ಗಾತ್ರದ ಕಲ್ಲು. ಅದೇ ಹಳ್ಳದಲ್ಲಿ ಡಿಸೆಂಬರಲ್ಲಿ 5 ಸೆಂ.ಮೀ. ನೀರು ಹರೀತಿದ್ರೆ 7 ಮಿ.ಮೀ. ಮೇಲಿನ ಯಾವುದೂ ಅಲ್ಲಾಡಲ್ಲ. ಇನ್ನೊಂದು ತಮಾಷೆ ನೋಡಿ, ಬಯಲು ಸೀಮೆ ಕಡೆ ಇಳಿದ ದೊಡ್ಡ ಹೊಳೆಯಲ್ಲಿ 4 ಮೀಟರ್ ಆಳ, ಇಳಿಜಾರು ಎರಡು ಸಾವಿರಕ್ಕೆ ಒಂದು ಅಂದ್ಕೊಳ್ಳಿ, ಲೆಕ್ಕ ಹಾಕಿದ್ರೆ ಬರೋದು ಬರೀ 27 ಮಿ.ಮೀ. ಆನೆ ಮುಳುಗೋ ನೀರು ಜಲ್ಲಿ ಅಷ್ಟೇ ಅಲ್ಲಾಡಿಸುತ್ತೆ, ಸೊಂಟದ ಕೆಳಗಿನ ಹಳ್ಳ ಮುಷ್ಟಿ ಕಲ್ಲು ಉರುಳಿಸುತ್ತೆ. ಘಟ್ಟದ ಹಳ್ಳದಲ್ಲಿ ಗುಂಡುಕಲ್ಲು, ತುಂಗೆ-ಭದ್ರೆ ಸೇರೋ ಕೂಡಲಿ ಹತ್ರ ಮರಳು ಇರೋದಕ್ಕೆ ದೊಡ್ಡ ಕಾರಣ ಇದೇ, ಕಲ್ಲು ಸವೆದು ಸಣ್ಣ ಆಗೋದೂ ಇದೆ, ಆದ್ರೆ ಭಾರದ್ದೆಲ್ಲ ಹಿಂದೆ ಉಳಿಯೋದು ಬಹಳ ಕಡೆ ಅದಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತೆ.

ಈ 13.5 ಲೆಕ್ಕವನ್ನ ಮಿತಿ ಅಂತ ಇಟ್ಕೊಳ್ಳಿ, ಗ್ಯಾರಂಟಿ ಅಂತ ಅಲ್ಲ. ಕಡಿದಾದ ಹಳ್ಳದಲ್ಲಿ ದೊಡ್ಡ ಬಂಡೆಗಳು, ಬಿದ್ದ ಮರಗಳು ನೀರಿನ ಅರ್ಧ ಶಕ್ತಿ ತಿಂದ್ಬಿಡ್ತವೆ, ಲೆಕ್ಕಕ್ಕಿಂತ ಕಮ್ಮಿನೇ ಅಲ್ಲಾಡುತ್ತೆ. ಅದೂ ಅಲ್ದೆ ಸಣ್ಣ ಕಲ್ಲು ದೊಡ್ಡದರ ಹಿಂದೆ ಬಚ್ಚಿಟ್ಕೊಳ್ಳುತ್ತೆ, ದೊಡ್ಡ ಕಲ್ಲು ನೀರಿಗೆ ಎದೆ ಕೊಟ್ಟು ನಿಂತಿರುತ್ತೆ, ಹಾಗಾಗಿ ಸಣ್ಣದು ಲೆಕ್ಕಕ್ಕಿಂತ ಲೇಟಾಗಿ, ದೊಡ್ಡದು ಲೆಕ್ಕಕ್ಕಿಂತ ಬೇಗ ಹೊರಡುತ್ತೆ. ಜೇಡಿ ಮಣ್ಣಿನ ಕಥೆ ಇನ್ನೊಂದು, ಕಣ ಅಷ್ಟು ಸಣ್ಣ ಇದ್ರೂ ಒಂದಕ್ಕೊಂದು ಅಂಟ್ಕೊಂಡಿರೋದ್ರಿಂದ ಮರಳಿಗಿಂತ ಜೋರು ನೀರು ಬೇಕು ಎಬ್ಬಿಸೋಕೆ, ಎದ್ಮೇಲೆ ಮಾತ್ರ ಕೂರೋದೇ ಇಲ್ಲ.

ಬಣ್ಣ

ಕಲ್ಲನ್ನ ಅದೇ ಹಳ್ಳದಿಂದ ತಗೊಳ್ಳಿ. ಮೂರು ಸೈಜಿನ ಗುಂಪು ಮಾಡಿ, 16ರಿಂದ 32 ಮಿ.ಮೀ., 32ರಿಂದ 64, 64ರಿಂದ 128, ಒಂದೊಂದರಲ್ಲಿ ಮೂವತ್ತು ಕಲ್ಲಾದ್ರೂ ಬೇಕು, ಕಮ್ಮಿ ಇದ್ರೆ ಆಮೇಲೆ ಸಿಗೋದು ಏಳೋ ಎಂಟೋ, ಅದ್ರಲ್ಲಿ ಏನೂ ಹೇಳೋಕಾಗಲ್ಲ. ಮುರಕಲ್ಲಿನ ತುಂಡು ಬೇಡ, ಹಗುರ, ಬೇಗ ಪುಡಿ ಆಗುತ್ತೆ, ಬಣ್ಣ ಹೀರ್ಕೊಳ್ಳುತ್ತೆ. ಬೆಣಚುಕಲ್ಲು, ಗಟ್ಟಿ ಕರಿಕಲ್ಲು ಒಳ್ಳೇದು. ಪಾಚಿ ಹೋಗೋ ಹಂಗೆ ಬ್ರಷ್ ಹಾಕಿ ಉಜ್ಜಿ, ಎರಡು ದಿನ ಬಿಸಿಲಲ್ಲಿ ಒಣಗಿಸಿ, ಸೀಸ ಇಲ್ಲದ ಎನಾಮೆಲ್ ಪೇಂಟ್ ಎರಡು ಕೋಟ್ ಹೊಡೀರಿ, ಪೂರ್ತಿ ಒಣಗದೆ ನೀರಿಗೆ ಇಡ್ಬೇಡಿ, ಮೀನಿಗೆ ಒಳ್ಳೇದಲ್ಲ.

ಬಣ್ಣದ ಬಗ್ಗೆ ನನ್ನದೊಂದು ಹಠ ಇದೆ. ಬಿಳಿ ಹಚ್ಚಿದ್ರೆ ಹಳ್ಳದ ಬೆಣಚುಕಲ್ಲೆಲ್ಲ ನಿಮ್ಮದೇ ಅನ್ಸುತ್ತೆ, ಕೆಂಪು ಜಂಬಿಟ್ಟಿಗೆ ಮಣ್ಣಲ್ಲಿ ಕಳೆದೋಗುತ್ತೆ, ಹಸಿರು ಪಾಚಿ ಜೊತೆ ಸೇರ್ಕೊಳ್ಳುತ್ತೆ, ಹಳದಿ ಪರವಾಗಿಲ್ಲ ಆದ್ರೆ ಉದುರಿದ ಹಲಸಿನ ಎಲೆ ಕಣ್ಣಿಗೆ ಮೋಸ ಮಾಡುತ್ತೆ. ಕಡುನೀಲಿ ಬೆಸ್ಟು, ಹಳ್ಳದಲ್ಲಿ ಆ ಬಣ್ಣದ್ದು ಬೇರೇನೂ ಇರಲ್ಲ, ಪ್ಲಾಸ್ಟಿಕ್ ಬಿಟ್ರೆ. ಪ್ರತಿ ಕಲ್ಲಿಗೂ ನಂಬರ್ ಬರೀರಿ, ಒಂದು ಕಡೆ ಅಲ್ಲ, ಎರಡು ಮೂರು ಕಡೆ, ಸಾಧ್ಯ ಆದ್ರೆ ಉಳಿಯಿಂದ ಸಣ್ಣಗೆ ಗೀರಿ ಕೂಡ, ಉರುಳೋವಾಗ ಮೊದಲು ಸವೆಯೋದು ನಂಬರೇ. ಪುಸ್ತಕದಲ್ಲಿ ನಂಬರ್ ಎದುರಿಗೆ ಉದ್ದ, ಅಗಲ, ದಪ್ಪ, ತೂಕ, ಆಕಾರ ಬರ್ಕೊಳ್ಳಿ. ದುಂಡಗಿದ್ದದ್ದು ಉರುಳುತ್ತೆ, ಚಪ್ಪಟೆ ಇದ್ದದ್ದು ಅಷ್ಟು ಸುಲಭಕ್ಕೆ ಉರುಳಲ್ಲ, ಇದು ಕೊನೆಯಲ್ಲಿ ಉಪಯೋಗಕ್ಕೆ ಬರುತ್ತೆ.

ಕಾಲೇಜು, ಲ್ಯಾಬು ಇರೋರು ಬಣ್ಣದ ಬದಲು ಕಲ್ಲಿಗೆ ತೂತು ಕೊರೆದು ಆರ್‌ಎಫ್‌ಐಡಿ ಟ್ಯಾಗ್ ಇಟ್ಟು ಎಪಾಕ್ಸಿ ಹಾಕಿ ಮುಚ್ತಾರೆ, ದನಕರು ಗುರುತಿಸೋಕೆ ಹಾಕೋ ಜಾತಿಯದೇ ಟ್ಯಾಗು. ಆಂಟೆನಾ ಹಿಡ್ಕೊಂಡು ಹಳ್ಳದ ಮೇಲೆ ನಡೆದ್ರೆ ಮರಳಿನಡಿ ಹೂತಿರೋ ಕಲ್ಲೂ ತನ್ನ ನಂಬರ್ ಹೇಳುತ್ತೆ. ದುಡ್ಡಿದ್ರೆ ಅದೇ ಸರಿ. ಇಲ್ದಿದ್ರೆ ಪೇಂಟೇ ಗತಿ.

ಇಡೋದು

ಸುಮ್ನೆ ಮೇಲಿಂದ ಎಸೀಬೇಡಿ. ಎಸೆದ ಕಲ್ಲು ಯಾವುದರ ಆಸರೆನೂ ಇಲ್ದೆ ಮೇಲೆ ಕೂತಿರುತ್ತೆ, ಮೊದಲ ನೆರೆಗೇ ಓಡುತ್ತೆ, ಹಳ್ಳದ ಸ್ವಂತ ಕಲ್ಲು ಹಂಗೆ ಓಡಲ್ಲ. ಹಳ್ಳಕ್ಕೆ ಅಡ್ಡ ಒಂದು ಹಗ್ಗ ಕಟ್ಟಿ, ಹಗ್ಗದ ಕೆಳಗೆ ಇರೋ ಒಂದೊಂದು ಕಲ್ಲು ಎತ್ತಿ, ಅದೇ ಗುಳಿಗೆ ಅದೇ ಸೈಜಿನ ಬಣ್ಣದ ಕಲ್ಲು ಕೂರಿಸಿ ಒತ್ತಿ. ಮೂರ್ನಾಲ್ಕು ಸಾಲು ಮಾಡ್ಬಹುದು. ಸಾಲಿನ ಎರಡೂ ತುದಿಗೆ ದಂಡೆ ಮೇಲಿರೋ ಗಟ್ಟಿ ಮರಕ್ಕೆ ಮೊಳೆ ಹೊಡೆಯದೆ ಬಣ್ಣದ ಪಟ್ಟಿ ಬಳಿದು ಗುರುತು ಮಾಡಿ, ಫೋಟೋ ತೆಗೀರಿ, ಫೋನಲ್ಲಿ ಲೊಕೇಶನ್ ಸೇವ್ ಮಾಡಿ. ಲೊಕೇಶನ್ ಮಾತ್ರ ನಂಬ್ಕೊಂಡ್ರೆ ಆಗಲ್ಲ, ಮರದಡಿ ಜಿಪಿಎಸ್ ಐದತ್ತು ಮೀಟರ್ ಆಚೀಚೆ ತೋರಿಸುತ್ತೆ, ನಿಮ್ಮ ಅರ್ಧ ಕಲ್ಲು ಹೋಗಿರೋದೇ ಅಷ್ಟು ದೂರ ಇರುತ್ತೆ.

ಇನ್ನೊಂದು ಅಗ್ಗದ ಕೆಲಸ ಮಾಡಿ, ಒಂದು ಮಾರುದ್ದ ಕಬ್ಬಿಣದ ಚೈನನ್ನ ಸಲಾಕೆ ಸಹಾಯದಿಂದ ಹಳ್ಳದ ತಳಕ್ಕೆ ನೆಟ್ಟಗೆ ಇಳಿಸಿ, ಮೇಲೆ ಒಂದೆರಡು ಕೊಂಡಿ ಕಾಣೋ ಹಾಗೆ ಬಿಡಿ. ನೆರೆಯಲ್ಲಿ ತಳ ಎಷ್ಟು ಆಳಕ್ಕೆ ಕೊರೀತೋ ಅಷ್ಟು ಚೈನ್ ಮಲಗ್ಬಿಡುತ್ತೆ, ಆಮೇಲೆ ಅದರ ಮೇಲೆ ಹೊಸ ಜಲ್ಲಿ ಬಂದು ಕೂರುತ್ತೆ. ಮಳೆಗಾಲ ಆದ್ಮೇಲೆ ಅಗೆದು ನೋಡಿದ್ರೆ ಚೈನ್ ಎಲ್ಲಿ ಬಗ್ಗಿದೆಯೋ ಅಲ್ಲಿವರೆಗೆ ತಳ ಎದ್ದಿತ್ತು ಅಂತ ಅರ್ಥ. ಮಾಮೂಲಿ ನೆರೆಗೆ ಕದಡೋ ಪದರ ಹಳ್ಳದ ದೊಡ್ಡ ಕಲ್ಲಿನ ಒಂದೆರಡು ಪಟ್ಟು ಆಳ ಅಷ್ಟೇ. ಹುಡ್ಕೋವಾಗ ಎಷ್ಟು ಅಗೀಬೇಕು ಅನ್ನೋದು ಇದರಿಂದ್ಲೇ ಗೊತ್ತಾಗೋದು.

ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯೋ ಮಾತೇ ಇಲ್ಲ. ಇಲ್ಲಿ ಬಿಸಿಲಿದ್ರೂ ಮೇಲೆ ಘಟ್ಟದಲ್ಲಿ ಹೊಡೆದ ಮಳೆ ಅರ್ಧ ಗಂಟೆಯಲ್ಲಿ ಬಂದು ಎತ್ತಾಕ್ಕೊಂಡು ಹೋಗುತ್ತೆ, ಮುಷ್ಟಿ ಕಲ್ಲು ಉರುಳಿಸೋ ನೀರಿಗೆ ಕಾಲು ಲೆಕ್ಕಕ್ಕಿಲ್ಲ. ದಂಡೆ ಮೇಲಿಂದ್ಲೇ ಫೋಟೋ ತೆಗೆದು ತಾರೀಕು ಬರೆದಿಡಿ. ನೆರೆ ಇಳಿದ್ಮೇಲೆ ಗಿಡದ ಕೊಂಬೆಗೆ ಸಿಕ್ಕಾಕ್ಕೊಂಡ ಕಸ, ಎಲೆ, ಪ್ಲಾಸ್ಟಿಕ್ ಹಳ್ಳದ ತಳದಿಂದ ಎಷ್ಟೆತ್ತರದಲ್ಲಿ ಇದೆ ಅಂತ ಅಳೆದ್ರೆ ಅದೇ ಆ ಸಲದ ನೀರಿನ ಆಳ, ಅದನ್ನ ಮೇಲಿನ 13.5 ಲೆಕ್ಕಕ್ಕೆ ಹಾಕಿ. ಬೇಕಿದ್ರೆ ಒಂದು ಗಾಜಿನ ಬಾಟಲಿಗೆ ಕೆನ್ನೀರು ತುಂಬ್ಕೊಂಡು ಬಂದು ಮನೆಯಲ್ಲಿ ಅಲ್ಲಾಡಿಸದೆ ಇಡಿ, ಮರಳು ಒಂದು ನಿಮಿಷದೊಳಗೆ ತಳಕ್ಕೆ, ಸಣ್ಣ ಹೂಳು ಗಂಟೆಗಟ್ಲೆ, ಜೇಡಿ ಮಾರನೇ ದಿನಕ್ಕೂ ನೀರಲ್ಲೇ ಇರುತ್ತೆ. ಹೂಳಿನ ಒಂದು ಕಣ 0.01 ಮಿ.ಮೀ. ಇದ್ರೆ ನಿಂತ ನೀರಲ್ಲೂ ಒಂದು ಮೀಟರ್ ಇಳಿಯೋಕೆ ಮೂರು ಗಂಟೆ ಹತ್ರ ಬೇಕು, ಅಂಥದ್ದು ಹರಿಯೋ ಹೊಳೆಯಲ್ಲಿ ಕೂರೋಕೆ ಚಾನ್ಸೇ ಇಲ್ಲ. ಅದು ಹೋಗಿ ನಿಲ್ಲೋದು ಡ್ಯಾಮಲ್ಲೇ. ಹೊಸಪೇಟೆಯ ತುಂಗಭದ್ರಾ ಡ್ಯಾಂ ಕಟ್ಟಿದಾಗ 133 ಟಿಎಂಸಿ ನೀರು ಹಿಡೀತಿತ್ತು, ಈಗ 105ರ ಆಸುಪಾಸು, ಉಳಿದ ಜಾಗ ಎಲ್ಲ ಹೂಳು, ಅದರಲ್ಲಿ ನಮ್ಮ ತುಂಗೆ, ಭದ್ರೆಯ ಮಣ್ಣೂ ಸೇರಿದೆ. ಕಲ್ಲು ಮಾತ್ರ ಇನ್ನೂ ಇಲ್ಲೇ ಇದೆ.

ಹುಡುಕೋದು

ನವೆಂಬರ್ ಕೊನೆಯಿಂದ ಶುರು ಮಾಡಿ, ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆ ಹೊತ್ತಿಗೆ ನೀರು ಇಳಿದು ತಿಳಿಯಾಗಿರುತ್ತೆ, ಇಂಬಳದ ಕಾಟನೂ ಕಮ್ಮಿ ಆಗಿರುತ್ತೆ. ಕೆಳಗಿಂದ ಮೇಲಕ್ಕೆ ಹುಡುಕ್ತಾ ಬನ್ನಿ, ಮೇಲಿಂದ ಇಳಿದ್ರೆ ನೀವೇ ಕದಡಿದ ನೀರು ಮುಂದೆ ಬರುತ್ತೆ. ಬೆಳಗ್ಗೆ ಹತ್ತರಿಂದ ಎರಡರವರೆಗೆ ಬಿಸಿಲು ನೇರ ಬೀಳೋವಾಗ ಮಾತ್ರ ತಳ ಕಾಣುತ್ತೆ.

ಎಲ್ಲಿ ನೋಡ್ಬೇಕು? ಆಳದ ಗುಂಡಿಯಲ್ಲಿ ಕಲ್ಲು ಕಮ್ಮಿ ಸಿಗುತ್ತೆ, ಎಲ್ರೂ ಅಲ್ಲೇ ಹುಡುಕ್ತಾರೆ, ಆಳ ಇದೆ ಬಿದ್ದಿರುತ್ತೆ ಅಂತ. ನೆರೆ ಬಂದಾಗ ಗುಂಡಿಯಲ್ಲೂ ನೀರು ಜೋರಾಗಿ ಕೊರೀತಿರುತ್ತೆ, ಬಂದ ಕಲ್ಲನ್ನ ಆಚೆ ತಳ್ಳುತ್ತೆ, ಕಲ್ಲು ನಿಲ್ಲೋದು ಗುಂಡಿ ಮುಗಿದು ತಳ ಏರೋ ಕಡೆ, ದಿಬ್ಬದ ಮೇಲೆ. ಆಮೇಲೆ ತಿರುವಿನ ಒಳಮಗ್ಗುಲು. ತಿರುವಲ್ಲಿ ಮೇಲಿನ ನೀರು ಹೊರಗಿನ ದಂಡೆಗೆ ಹೋಗಿ ಬಡಿದು ಕೆಳಗಿಳಿದು ತಳದಲ್ಲಿ ಒಳಗಡೆಗೆ ವಾಪಸ್ ಬರುತ್ತೆ, ಕಲ್ಲು ಇರೋದು ತಳದಲ್ಲಿ, ಹಾಗಾಗಿ ಅದು ಒಳಮಗ್ಗುಲಿಗೇ ಸೇರುತ್ತೆ. ದೊಡ್ಡ ಬಂಡೆಯ ಹಿಂದಿನ ನೆರಳು, ಬಿದ್ದ ಮರದ ಬೇರು, ಇವೆರಡನ್ನೂ ಬಿಡ್ಬೇಡಿ.

ಒಂದು ದಿಬ್ಬದ ಮೇಲೆ ಕೂತು ನಿಧಾನಕ್ಕೆ ನೋಡಿದ್ರೆ ಹಿಂಗಿರುತ್ತೆ: ಮೇಲೆ ಪಾಚಿ ಹಿಡಿದ ನಾಲ್ಕು ಕಲ್ಲು, ಅವುಗಳ ಸಂದಿಯಲ್ಲಿ ಅರ್ಧ ಇಂಚು ನೀಲಿ ಅಂಚು. ಕೀಳೋಕೆ ಹೋದ್ರೆ ಬರಲ್ಲ, ಸುತ್ತ ಮರಳು ಕಚ್ಕೊಂಡಿರುತ್ತೆ, ಕೆಳಗೆ ಇನ್ನೊಂದು ಕಲ್ಲು ಅದನ್ನ ಹಿಡ್ಕೊಂಡಿರುತ್ತೆ. ಅಲ್ಲಾಡಿಸಿ ತೆಗೆದ್ರೆ ಒಂದು ಮುಖದ ಬಣ್ಣ ಪೂರ್ತಿ ಹೋಗಿರುತ್ತೆ, ಇನ್ನೊಂದು ಮುಖ ಹಚ್ಚಿದ ದಿನದಂಗೇ ಇರುತ್ತೆ, ಅಂದ್ರೆ ಸ್ವಲ್ಪ ದೂರ ಉರುಳಿ ಬಂದು ಬೇಗ ಸಿಕ್ಕಾಕ್ಕೊಂಡು ಉಳಿದ ಮಳೆಗಾಲ ಎಲ್ಲ ಮೇಲಿಂದ ಹೋದ ಮರಳಿಗೆ ಮುಖ ಉಜ್ಜಿಸ್ಕೊಂಡು ಕೂತಿತ್ತು ಅಂತ. ತೆಗೆಯೋ ಮುಂಚೆನೇ ಫೋಟೋ, ಎಷ್ಟು ಹೂತಿತ್ತು ಅನ್ನೋ ಅಳತೆ ತಗೊಂಡ್ಬಿಡಿ. ನಂಬರ್ ನೋಡಿದ ಮೇಲೆ ಅದನ್ನ ಅದೇ ಗುಳಿಯಲ್ಲಿ ಹಂಗೇ ವಾಪಸ್ ಕೂರಿಸಿ.

ದೂರ ಅಳೆಯೋವಾಗ ಹಳ್ಳದ ತಿರುವಿನ ಜೊತೆಗೇ ಟೇಪ್ ಎಳೀಬೇಕು, ನೇರ ಗೆರೆ ಅಲ್ಲ. ಎಡದಂಡೆಯಿಂದ ಎಷ್ಟು ದೂರ ಅನ್ನೋದನ್ನೂ ಬರ್ಕೊಳ್ಳಿ, ಕಲ್ಲು ಮುಂದಕ್ಕಷ್ಟೇ ಅಲ್ಲ ಅಡ್ಡಕ್ಕೂ ಹರಡುತ್ತೆ.

ಲೆಕ್ಕ ಹೆಂಗೆ ಓದೋದು

ಎಲ್ರೂ ಮೊದಲು ಮಾಡೋದು ಸರಾಸರಿ. ಉದಾಹರಣೆಗೆ ಹತ್ತು ಕಲ್ಲು ಹೋದ ದೂರ 0, 0, 0, 1, 2, 3, 4, 6, 14, 70 ಮೀಟರ್ ಅಂತ ಇಟ್ಕೊಳ್ಳಿ. ಸರಾಸರಿ 10 ಮೀಟರ್. ಹತ್ತು ಮೀಟರಿನ ಹತ್ರ ಒಂದು ಕಲ್ಲಾದ್ರೂ ಇದೆಯಾ ನೋಡಿ, ಇಲ್ಲ! ಹತ್ತು ದಾಟಿದ್ದು ಎರಡೇ. ಮಧ್ಯದ ಕಲ್ಲು ಹೋಗಿರೋದು ಎರಡೂವರೆ ಮೀಟರ್. ಅದಕ್ಕೇ ಸರಾಸರಿ ಜೊತೆ ಮಧ್ಯದ ಬೆಲೆನೂ ಬರೀರಿ, ಎಲ್ಲಕ್ಕಿಂತ ದೂರ ಹೋಗಿದ್ದನ್ನೂ ಬರೀರಿ, ಅಲ್ಲಾಡದೆ ಕೂತಿದ್ದು ಎಷ್ಟು ಅನ್ನೋದನ್ನೂ ಬರೀರಿ. 70 ಮೀಟರ್ ಹೋದ ಕಲ್ಲನ್ನ ಇದೇನೋ ತಪ್ಪಾಗಿರ್ಬೇಕು ಅಂತ ಹೊಡೆದು ಹಾಕೋರಿದ್ದಾರೆ, ದಯವಿಟ್ಟು ಹಂಗೆ ಮಾಡ್ಬೇಡಿ, ಹರಡೋದು ಅಂದ್ರೆ ಏನು ಅಂತ ಆ ಒಂದು ಕಲ್ಲೇ ಹೇಳ್ತಿರೋದು.

ಸಿಗದೇ ಇರೋ ಕಲ್ಲಿನ ವಿಷಯ ಇನ್ನೂ ಸೂಕ್ಷ್ಮ. ಪೇಂಟ್ ಹಚ್ಚಿದ್ದರಲ್ಲಿ ಅರ್ಧ ಸಿಗದಿದ್ರೂ ಆಶ್ಚರ್ಯ ಇಲ್ಲ. ಅವು ಒಂದೋ ದೂರ ಹೋಗಿವೆ, ಇಲ್ಲಾ ಕಾಲ ಕೆಳಗೇ ಹೂತಿವೆ. ಎರಡೂ ಉಲ್ಟಾ ಅರ್ಥ, ಎರಡಕ್ಕೂ ನಿಮ್ಮ ಪುಸ್ತಕದಲ್ಲಿ ಇರೋದು ಒಂದೇ ಖಾಲಿ ಮನೆ. ಸುಮ್ನೆ ಸಿಕ್ಕಿದ್ದರ ಮೇಲೆ ಲೆಕ್ಕ ಹಾಕಿದ್ರೆ ಮೇಲೇ ಕೂತಿದ್ದ ಸೋಮಾರಿಗಳ ಲೆಕ್ಕ ಅಷ್ಟೇ ಬರುತ್ತೆ. ಚೈನ್ ಬಗ್ಗಿದ ಆಳದವರೆಗೆ, ಸಾಲಿನಿಂದ ಕೆಳಗೆ ಒಂದು ಹತ್ತು ಮೀಟರ್ ಒಳಗೆ, ಅಲ್ಲಲ್ಲಿ ಒಂದು ಚದರಡಿ ಅಗೆದು ನೋಡಿ ಎಷ್ಟು ಹೂತಿರ್ಬಹುದು ಅಂತ ಅಂದಾಜು ಮಾಡಿ. ಎಲ್ಲ ಕಡೆ ಅಗೀಬೇಡಿ, ನೀವು ಎಬ್ಬಿಸಿದ ಕವಚ ಮುಂದಿನ ನೆರೆಗೆ ಸಲೀಸಾಗಿ ಹೋಗುತ್ತೆ, ಆಗ ಅದು ಹಳ್ಳದ ಕೆಲಸ ಅಲ್ಲ ನಿಮ್ಮ ಗುದ್ದಲಿ ಕೆಲಸ.

ಸೈಜಿನ ಮೂರು ಗುಂಪನ್ನ ಬೇರೆ ಬೇರೆ ನೋಡಿದ್ರೆ ಸಣ್ಣದು ದೂರ, ದೊಡ್ಡದು ಹತ್ರ ಅಂತ ನೀಟಾಗಿ ಬರುತ್ತೆ ಅಂದ್ಕೊಂಡಿದ್ರೆ ಅದೂ ಅಷ್ಟು ಸಲೀಸಲ್ಲ. ದೊಡ್ಡ ಗುಂಪು ಖಂಡಿತ ಹಿಂದೆ ಬೀಳುತ್ತೆ, ಆದ್ರೆ ಸಣ್ಣ ಎರಡು ಗುಂಪಿನ ಮಧ್ಯೆ ಅಂಥ ವ್ಯತ್ಯಾಸ ಕಾಣದೇ ಇರ್ಬಹುದು, ಸಣ್ಣದಕ್ಕೆ ಬಚ್ಚಿಟ್ಕೊಳ್ಳೋಕೆ ಜಾಗ ಜಾಸ್ತಿ, ಹೂತು ಹೋಗೋದೂ ಜಾಸ್ತಿ.

ಎರಡನೇ ಮಳೆಗಾಲಕ್ಕೂ ಅವೇ ಕಲ್ಲನ್ನ ಬಿಡಿ, ಎತ್ತಿ ಹಳೇ ಸಾಲಿಗೆ ತರ್ಬೇಡಿ. ಅಷ್ಟೇ ಮಳೆ ಬಂದ್ರೂ ಎರಡನೇ ವರ್ಷ ಅವು ಮೊದಲ ವರ್ಷದಷ್ಟು ದೂರ ಹೋಗಲ್ಲ, ಎಲ್ಲ ಕಡೆ ಜನ ಗಮನಿಸಿರೋ ವಿಷಯ ಇದು. ಎಷ್ಟೇ ನಾಜೂಕಾಗಿ ಇಟ್ರೂ ಮೊದಲ ವರ್ಷ ಕಲ್ಲೆಲ್ಲ ಮೇಲಿನ ಪದರದಲ್ಲೇ ಇರುತ್ತೆ, ಬರ್ತಾ ಬರ್ತಾ ಒಳಗೆ ಸೇರ್ಕೊಳ್ಳುತ್ತೆ, ಮೇಲಿನದು ಕೆದರಿ ಹೋಗೋವರೆಗೆ ಹೊರಗೆ ಬರಲ್ಲ. ಹಾಗಾಗಿ ಒಂದೇ ವರ್ಷದ ಲೆಕ್ಕ ಹಿಡ್ಕೊಂಡು ಈ ಹಳ್ಳದ ಕಲ್ಲು ವರ್ಷಕ್ಕೆ ಇಷ್ಟು ಮೀಟರ್ ಹೋಗುತ್ತೆ, ಹತ್ತು ವರ್ಷಕ್ಕೆ ಅದರ ಹತ್ತು ಪಟ್ಟು ಅಂತ ಹೇಳಿದ್ರೆ ಲೆಕ್ಕ ದಾರಿ ತಪ್ಪುತ್ತೆ.

ಹೊಸ ಸಾಲು ಇಡ್ಬೇಕು ಅನ್ಸಿದ್ರೆ ಬೇರೆ ಬಣ್ಣ ತಗೊಳ್ಳಿ, ಮೊದಲ ವರ್ಷ ನೀಲಿ ಆದ್ರೆ ಈಗ ಹಳದಿ, ನಂಬರ್ 101ರಿಂದ ಶುರು ಮಾಡಿ. ಹಳೇ ನೀಲಿ ಕಲ್ಲು ಸಿಕ್ಕಿದಾಗ ಮಸುಕಾಗಿದೆ ಅಂತ ಮೇಲೆ ಮತ್ತೆ ಪೇಂಟ್ ಹೊಡೀಬೇಡಿ, ನಂಬರನ್ನಷ್ಟೇ ತಿದ್ದಿ, ಯಾವ ಮುಖ ಎಷ್ಟು ಸವೆದಿದೆ ಅನ್ನೋ ಫೋಟೋ ಮಾತ್ರ ಮೊದಲು ತೆಗೆದಿಟ್ಕೊಳ್ಳಿ.